ಬ್ಯಾಟರಿ ಸೋತಿದೆಯೋ, ಲ್ಯಾಪ್‌ಟಾಪೇ ಕರೆಂಟ್ ಜಾಸ್ತಿ ಎಳೆಯುತ್ತಿದೆಯೋ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಲ್ಯಾಪ್‌ಟಾಪ್ ಬ್ಯಾಟರಿಯದ್ದೇ ಇತ್ತು. ಅದಕ್ಕೇ ಉಳಿದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು, ಈ ಸಲ ಇದೊಂದೇ ವಿಷಯ ಹಿಡಿದಿದ್ದೇನೆ.

ಪ್ರಶ್ನೆ: ಸರ್, ನನ್ನ ಲ್ಯಾಪ್‌ಟಾಪಿಗೆ ಐದು ವರ್ಷವಾಯಿತು. ಹೊಸದರಲ್ಲಿ ಚಾರ್ಜರ್ ಇಲ್ಲದೆ 5 ಗಂಟೆ ನಡೆಯುತ್ತಿತ್ತು. ಈಗ ಒಂದೂವರೆ ಗಂಟೆಗೆ ಮುಗಿಯುತ್ತದೆ, ಅದೂ ಸುಮ್ನೆ ಆನ್ ಇಟ್ಟರೆ. ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯವರು ಬ್ಯಾಟರಿ ಹೋಗಿದೆ, ಬದಲಾಯಿಸಿ ಅಂದರು. ಪಕ್ಕದ ಅಂಗಡಿಯವರು ಬ್ಯಾಟರಿಗೆ ಏನೂ ಆಗಿಲ್ಲ, ಫಾರ್ಮ್ಯಾಟ್ ಮಾಡಿಸಿ ಅಂದರು. ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದರೆ ಡಿಸೈನ್ ಕೆಪ್ಯಾಸಿಟಿ 41,040, ಫುಲ್ ಚಾರ್ಜ್ ಕೆಪ್ಯಾಸಿಟಿ 27,360 ಅಂತಿದೆ. ಯಾರನ್ನು ನಂಬಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇಬ್ಬರೂ ಅರ್ಧರ್ಧ ಸರಿ. ನೀವು ಅಂಕಿ ಬರೆದು ಕಳಿಸಿದ್ದು ತುಂಬ ಒಳ್ಳೆಯದಾಯಿತು. ಆ ಎರಡು ಅಂಕಿಗೆ ನಿಮ್ಮ ಗಂಟೆಯ ಲೆಕ್ಕ ಸೇರಿಸಿದರೆ ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ.

ನಮ್ಮಲ್ಲಿ ಬೆಳಗ್ಗೆ ನಲ್ಲಿ ಬಿಟ್ಟಾಗ ಡ್ರಮ್ ತುಂಬಿಸಿ ಇಟ್ಟುಕೊಳ್ಳುತ್ತೇವಲ್ಲ, ಬ್ಯಾಟರಿಯೂ ಹಾಗೇ. ಡ್ರಮ್ಮಿನಲ್ಲಿ ಎಷ್ಟು ನೀರು ಹಿಡಿಯುತ್ತದೆ ಅನ್ನುವುದು ವಾಟ್ ಅವರ್. ಕೆಳಗಿನ ನಲ್ಲಿಯನ್ನು ಎಷ್ಟು ತಿರುಗಿಸಿದ್ದೀರಿ ಅನ್ನುವುದು ವಾಟ್. ನೀರು ಬೇಗ ಖಾಲಿಯಾದರೆ ಡ್ರಮ್ ಚಿಕ್ಕದಾಗಿರಬಹುದು, ಇಲ್ಲವೇ ನಲ್ಲಿ ಜಾಸ್ತಿ ತೆರೆದಿರಬಹುದು. ಅಂಗಡಿಯಲ್ಲಿ ಬರೀ ಗಂಟೆ ಕೇಳಿ ತೀರ್ಪು ಕೊಡುತ್ತಾರೆ. ಎರಡರಲ್ಲಿ ಯಾವುದು ಅಂತ ಗಂಟೆಯಿಂದ ತಿಳಿಯುವುದೇ ಇಲ್ಲ.

ರಿಪೋರ್ಟಿನ ಅಂಕಿಗಳು ಮಿಲಿವಾಟ್ ಅವರ್‌ನಲ್ಲಿವೆ. ಸಾವಿರದಿಂದ ಭಾಗಿಸಿ. ಹೊಸದರಲ್ಲಿ ನಿಮ್ಮ ಬ್ಯಾಟರಿ 41 ವಾಟ್ ಅವರ್ ಹಿಡಿಯುತ್ತಿತ್ತು, ಈಗ 27.36 ಹಿಡಿಯುತ್ತದೆ, ಅಂದರೆ ಮೂರರಲ್ಲಿ ಎರಡು ಪಾಲು ಉಳಿದಿದೆ. ಐದು ವರ್ಷದ ಬ್ಯಾಟರಿಗೆ ಇದು ಕೆಟ್ಟ ಅಂಕಿಯೇನಲ್ಲ.

ಈಗ ನಲ್ಲಿಯ ಕಡೆ ಬನ್ನಿ. ಆಗ 41 ವಾಟ್ ಅವರ್ 5 ಗಂಟೆ ಬರುತ್ತಿತ್ತು ಅಂದರೆ ಲ್ಯಾಪ್‌ಟಾಪ್ ಎಳೆಯುತ್ತಿದ್ದದ್ದು ಸುಮಾರು 8.2 ವಾಟ್. ಈಗ 27.36 ವಾಟ್ ಅವರ್ ಒಂದೂವರೆ ಗಂಟೆಗೆ ಮುಗಿಯುತ್ತದೆ ಅಂದರೆ ಎಳೆಯುತ್ತಿರುವುದು 18 ವಾಟ್‌ಗಿಂತ ಸ್ವಲ್ಪ ಜಾಸ್ತಿ. ಎರಡರಷ್ಟಕ್ಕಿಂತ ಹೆಚ್ಚಾಯಿತು, ಅಲ್ವಾ? ಬ್ಯಾಟರಿ ಮಾತ್ರ ಸವೆದು, ಎಳೆತ ಮೊದಲಿನಷ್ಟೇ ಇದ್ದಿದ್ದರೆ ನಿಮಗೆ ಈಗಲೂ 3 ಗಂಟೆ 20 ನಿಮಿಷ ಬರಬೇಕಿತ್ತು. ಇವತ್ತು ದುಡ್ಡು ಕೊಟ್ಟು ಹೊಚ್ಚ ಹೊಸ ಬ್ಯಾಟರಿ ಹಾಕಿಸಿದರೂ, 18 ವಾಟ್ ಎಳೆತ ಹಾಗೇ ಇದ್ದರೆ, ಸಿಗುವುದು ಎರಡೂಕಾಲು ಗಂಟೆ ಮಾತ್ರ. ನೀವು ಸಿಟ್ಟಾಗಿ ಅಂಗಡಿಗೆ ವಾಪಸ್ ಹೋಗುತ್ತಿದ್ದಿರಿ, ಅವರು ಬ್ಯಾಟರಿ ಸರಿಯಾಗಿಯೇ ಇದೆ ಅನ್ನುತ್ತಿದ್ದರು, ಅವರ ಮಾತೂ ನಿಜವೇ ಆಗಿರುತ್ತಿತ್ತು. ಹೀಗಾಗಿ ಬ್ಯಾಟರಿ ಈಗಲೇ ಕೊಳ್ಳಬೇಡಿ. ಮೊದಲು ಎಳೆತ ಅಳೆಯಿರಿ.

ಅಳೆಯುವುದು ಹೀಗೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಏನನ್ನೂ ತೆರೆಯದೆ ಹದಿನೈದು ನಿಮಿಷ ಬಿಡಿ. ಆನ್ ಆದ ಕೂಡಲೇ ಅಪ್‌ಡೇಟ್ ಹುಡುಕುವುದು, ಫೈಲ್‌ಗಳ ಪಟ್ಟಿ ಮಾಡುವುದು, ಆಂಟಿವೈರಸ್ ಓಡುವುದು ಎಲ್ಲ ನಡೆದಿರುತ್ತದೆ, ಆ ಗಡಿಬಿಡಿಯಲ್ಲಿ ಅಳೆದರೆ ಪ್ರಯೋಜನವಿಲ್ಲ. ಸ್ಕ್ರೀನ್ ಬೆಳಕನ್ನು ಅರ್ಧಕ್ಕೆ ಇಟ್ಟು ಅದನ್ನು ಬರೆದುಕೊಳ್ಳಿ. ಸ್ಕ್ರೀನ್ ತಾನಾಗಿ ಆರದಂತೆ ಸೆಟ್ಟಿಂಗ್ ಬದಲಿಸಿ. ಚಾರ್ಜರ್ ತೆಗೆಯಿರಿ. ನೀವು ತೆಗೆದ ಅದೇ ರಿಪೋರ್ಟ್ ಮತ್ತೆ ತೆಗೆಯಿರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್, ಅದಕ್ಕೆ ತಾಗಿ ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ, ಫೈಲ್ ಎಲ್ಲಿ ಉಳಿಯಿತು ಅಂತ ಅದೇ ಹೇಳುತ್ತದೆ. ಬ್ರೌಸರಿನಲ್ಲಿ ತೆರೆದರೆ ಉಳಿದಿರುವ ಚಾರ್ಜ್ ಮಿಲಿವಾಟ್ ಅವರ್‌ನಲ್ಲೇ ಕಾಣುತ್ತದೆ. ಬರೆದುಕೊಂಡು ಬ್ರೌಸರ್ ಮುಚ್ಚಿ. ಸರಿಯಾಗಿ ಒಂದು ಗಂಟೆ ಮುಟ್ಟಬೇಡಿ. ಆಮೇಲೆ ಇನ್ನೊಂದು ರಿಪೋರ್ಟ್. ಮೊದಲ ಅಂಕಿಯಿಂದ ಎರಡನೆಯದನ್ನು ಕಳೆದರೆ ಒಂದು ಗಂಟೆಯಲ್ಲಿ ಖರ್ಚಾದದ್ದು ಬಂತು, ಅದೇ ನಿಮ್ಮ ವಾಟ್. ಉದಾಹರಣೆಗೆ 26,000 ಇದ್ದದ್ದು 17,500 ಆದರೆ 8.5 ವಾಟ್.

ಹತ್ತು ನಿಮಿಷ ಸಾಲದೇ ಅಂತ ಕೇಳಬಹುದು. ಬರೀ ಶೇಕಡಾ ನೋಡಿ ಅಳೆಯುವವರಿಗಂತೂ ಖಂಡಿತ ಸಾಲದು. ನಿಮ್ಮ ಬ್ಯಾಟರಿಯಲ್ಲಿ ಶೇಕಡಾ 1 ಅಂದರೆ 0.27 ವಾಟ್ ಅವರ್. 8 ವಾಟ್ ಎಳೆಯುವ ಲ್ಯಾಪ್‌ಟಾಪ್ ಹತ್ತು ನಿಮಿಷದಲ್ಲಿ ಇಳಿಸುವುದೇ ಶೇಕಡಾ 5ರಷ್ಟು, ಅದರಲ್ಲಿ ಒಂದು ಆಚೀಚೆ ಆದರೆ ಉತ್ತರ ಐದನೇ ಒಂದು ಪಾಲು ತಪ್ಪುತ್ತದೆ. ಒಂದು ಗಂಟೆ ಬಿಟ್ಟರೆ ಆ ತಪ್ಪು ಸಣ್ಣದಾಗುತ್ತದೆ.

ಲಿನಕ್ಸ್ ಇಟ್ಟುಕೊಂಡವರಿಗೆ ಇಷ್ಟೂ ಕಷ್ಟವಿಲ್ಲ. ಪವರ್‌ಟಾಪ್ ಅನ್ನುವ ಪ್ರೋಗ್ರಾಂ ಬ್ಯಾಟರಿ ಮೇಲೆ ಓಡುವಾಗ ಆ ಕ್ಷಣದ ವಾಟ್ ತೋರಿಸುತ್ತದೆ, ಯಾವ ಪ್ರೋಗ್ರಾಂ ಪ್ರೊಸೆಸರನ್ನು ಪದೇ ಪದೇ ಎಬ್ಬಿಸುತ್ತಿದೆ ಅಂತಲೂ ಹೇಳುತ್ತದೆ. ಮ್ಯಾಕ್‌ನವರು ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಪವರ್ ಅನ್ನುವ ಭಾಗ ನೋಡಿ, ಸೈಕಲ್ (ಒಂದು ಪೂರ್ತಿ ಬ್ಯಾಟರಿಯಷ್ಟು ಚಾರ್ಜ್ ಖರ್ಚಾದರೆ ಒಂದು ಸೈಕಲ್) ಎಷ್ಟಾಗಿದೆ ಅನ್ನುವುದು ಅಲ್ಲೇ ಇರುತ್ತದೆ.

ನಿಮ್ಮ ಅಳತೆ ಮತ್ತೆ 15, 18 ವಾಟ್ ಅಂತಲೇ ಬಂದರೆ ಕಳ್ಳನನ್ನು ಹುಡುಕಬೇಕು. ಅಂಥ ಲ್ಯಾಪ್‌ಟಾಪ್ ಏನೂ ಮಾಡದೆ ಕೂತಾಗ 6ರಿಂದ 10 ವಾಟ್ ಎಳೆದರೆ ಸಹಜ. ಮೊದಲು ನೋಡಬೇಕಾದ್ದು ಎರಡನೇ ಗ್ರಾಫಿಕ್ಸ್ ಚಿಪ್, ಅಂದರೆ ಗೇಮಿನಂಥ ಭಾರೀ ಚಿತ್ರದ ಕೆಲಸಕ್ಕೆ ಅಂತ ಕೆಲವು ಲ್ಯಾಪ್‌ಟಾಪಿನಲ್ಲಿ ಬೇರೆಯಾಗಿ ಇರುವ ಚಿಪ್. ನಿಮ್ಮದರಲ್ಲಿ ಅದು ಇದ್ದರೆ, ಕೆಲಸ ಇಲ್ಲದಾಗ ಪೂರ್ತಿ ಮಲಗಬೇಕು. ಡ್ರೈವರ್ (ಆ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಸರಿಯಿಲ್ಲದೆ ಎಚ್ಚರವಾಗಿಯೇ ಇದ್ದರೆ ಸುಮ್ನೆ ಹಲವು ವಾಟ್ ತಿನ್ನುತ್ತದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಆದದ್ದು ಇದೇ: ಒಂದು ಅಪ್‌ಡೇಟ್ ಆದ ಮೇಲೆ 9 ವಾಟ್ ಇದ್ದದ್ದು 16 ಆಯಿತು, ಡ್ರೈವರ್ ಮತ್ತೆ ಹಾಕಿದ ಮೇಲೆ 9ಕ್ಕೆ ಇಳಿಯಿತು. ಅಳೆದು ಬರೆದಿಟ್ಟಿದ್ದರಿಂದಲೇ ಅದು ಗೊತ್ತಾಯಿತು. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಏನೂ ಮಾಡದಾಗ ಪ್ರೊಸೆಸರ್ ಬಳಕೆ ಶೇಕಡಾ 1, 2ರ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ಯಾರು ಮೇಲಿದ್ದಾರೆ ಅಂತ ಹೆಸರು ಸಮೇತ ಕಾಣುತ್ತದೆ. ಯುಎಸ್‌ಬಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕ್, ಕೀಬೋರ್ಡಿನ ಬೆಳಕು, 120 ಅಥವಾ 144 ಹರ್ಟ್ಜ್‌ನಲ್ಲಿ ಓಡುವ ಸ್ಕ್ರೀನ್ ಎಲ್ಲವೂ ಸ್ವಲ್ಪ ಸ್ವಲ್ಪ ಕೂಡಿಸುತ್ತವೆ. ಐದು ವರ್ಷದ ಧೂಳೂ ಸೇರಿರುತ್ತದೆ. ಚಿಪ್ ಬಿಸಿಯಾದಷ್ಟೂ ಅದರೊಳಗೆ ಸೋರುವ ಕರೆಂಟ್ ಜಾಸ್ತಿ, ಮೇಲಿಂದ ಫ್ಯಾನ್ ಖರ್ಚು ಬೇರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಒಂದು ಗಂಟೆ ಅಳೆಯಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಇಳಿಯಿತು ಅಂತ ಗೊತ್ತಾಗುವುದಿಲ್ಲ. ಎರಡನೇ ಅಂಗಡಿಯವರು ಹೇಳಿದ ಫಾರ್ಮ್ಯಾಟ್ ಕೊನೆಗೆ ಇರಲಿ.

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ವಿದ್ಯಾರ್ಥಿ. ತಪಕೀರ್ ಗಲ್ಲಿಯಲ್ಲಿ ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಮೀಟರ್) ತಂದು ಲ್ಯಾಪ್‌ಟಾಪ್ ಚಾರ್ಜರಿನ ಕರೆಂಟ್ ಅಳೆದೆ. 0.16 ಆಂಪಿಯರ್ ಬಂತು. 230ರಿಂದ ಗುಣಿಸಿದರೆ ಸುಮಾರು 37 ವಾಟ್. ಲ್ಯಾಪ್‌ಟಾಪೊಳಗಿನ ಸಾಫ್ಟ್‌ವೇರ್ ಮಾತ್ರ 15 ವಾಟ್ ಅನ್ನುತ್ತದೆ. ಚಾರ್ಜರ್ 22 ವಾಟ್ ತಿನ್ನುತ್ತಿದೆಯೇ?
– ವಿದ್ಯಾರ್ಥಿ, ಪುಣೆ

ಉತ್ತರ: ತಿನ್ನುತ್ತಿಲ್ಲ ಮಗಾ. 22 ವಾಟ್ ಶಾಖ ಆ ಪುಟ್ಟ ಡಬ್ಬಿಯಲ್ಲಿ ಹುಟ್ಟಿದ್ದರೆ ಕೈಯಲ್ಲಿ ಹಿಡಿಯಲಿಕ್ಕೇ ಆಗುತ್ತಿರಲಿಲ್ಲ. ನಿನ್ನ 37 ವಾಟ್ ಅಲ್ಲ, ವೋಲ್ಟ್ ಆಂಪಿಯರ್. ಪವರ್ ಫ್ಯಾಕ್ಟರ್, ಅಂದರೆ ವೋಲ್ಟ್ ಆಂಪಿಯರಿನಲ್ಲಿ ನಿಜವಾದ ವಾಟ್ ಎಷ್ಟು ಪಾಲು ಅನ್ನುವ ಅಂಕಿ, ಬಿಟ್ಟುಹೋಗಿದೆ.

ನಿನಗೆ ಕ್ಲಾಸಿನಲ್ಲಿ ಮೋಟರ್ ತೋರಿಸಿ, ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ ಅಂತ ಪವರ್ ಫ್ಯಾಕ್ಟರ್ ಕಲಿಸಿರುತ್ತಾರೆ. ಚಾರ್ಜರಿನಲ್ಲಿ ಕಥೆ ಬೇರೆ. ಅದರ ಬಾಗಿಲಲ್ಲೇ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳು, ಹಿಂದೆ ಅದನ್ನು ಕೂಡಿಟ್ಟುಕೊಳ್ಳುವ ಒಂದು ಕೆಪಾಸಿಟರ್. ಆ ಕೆಪಾಸಿಟರ್ ವೋಲ್ಟೇಜ್ ಅಲೆಯ ತುದಿ ಬಂದಾಗ ಮಾತ್ರ ಗಬಕ್ಕನೆ ಕರೆಂಟ್ ಎಳೆದುಕೊಂಡು ಉಳಿದ ಹೊತ್ತು ಸುಮ್ಮನಿರುತ್ತದೆ. ಕರೆಂಟ್ ಹಿಂದೆ ಬಿದ್ದಿಲ್ಲ, ಅದರ ಆಕಾರವೇ ಕೆಟ್ಟಿದೆ. 75 ವಾಟ್‌ಗಿಂತ ದೊಡ್ಡ ಚಾರ್ಜರುಗಳಲ್ಲಿ ಇದನ್ನು ಸರಿಪಡಿಸುವ ಸರ್ಕ್ಯೂಟ್ ಸಾಮಾನ್ಯವಾಗಿ ಇರುತ್ತದೆ. 45, 65 ವಾಟಿನವುಗಳಲ್ಲಿ ಇರುವುದು ಕಡಿಮೆ. ಅಂಥದ್ದರಲ್ಲಿ ಪವರ್ ಫ್ಯಾಕ್ಟರ್ 0.5ರ ಆಸುಪಾಸು ಬರುವುದು ಮಾಮೂಲು. ಈಗ ಲೆಕ್ಕ ಹಾಕು: 37ರ ಅರ್ಧ 18.5 ವಾಟ್ ಗೋಡೆಯಿಂದ ಬರುತ್ತಿದೆ. ಚಾರ್ಜರಿನ ದಕ್ಷತೆ ಶೇಕಡಾ 85 ಅಂತ ಹಿಡಿದರೆ ಲ್ಯಾಪ್‌ಟಾಪಿಗೆ ತಲುಪಿದ್ದು 15.7. ನಿನ್ನ ಸಾಫ್ಟ್‌ವೇರ್ ಹೇಳಿದ್ದಕ್ಕೆ ಹೊಂದಿತಲ್ಲ.

ಇನ್ನೆರಡು ಮಾತು. ದೊಡ್ಡ ಕರೆಂಟಿಗೆ ಮಾಡಿದ ಕ್ಲ್ಯಾಂಪ್ ಮೀಟರಿಗೆ 0.16 ಆಂಪಿಯರ್ ತೀರಾ ಚಿಕ್ಕದು. ಒಂದೇ ತಂತಿಯನ್ನು ಅದರ ಬಾಯೊಳಗೆ ಹತ್ತು ಸುತ್ತು ಹಾಕಿ, ಬಂದದ್ದನ್ನು ಹತ್ತರಿಂದ ಭಾಗಿಸಿದರೆ ಅಂಕಿ ನಂಬಬಹುದು, ಮೀಟರ್ ಟ್ರೂ ಆರ್‌ಎಂಎಸ್ (ಆಕಾರ ಕೆಟ್ಟ ಕರೆಂಟನ್ನೂ ಸರಿಯಾಗಿ ಅಳೆಯುವಂಥದ್ದು) ಆಗಿದ್ದರೆ ಮಾತ್ರ. ಆದರೆ ಒಂದೇ ತಂತಿ ಬೇಕು ಅಂತ ಚಾರ್ಜರಿನ ಕೇಬಲ್ ಸೀಳಬೇಡ. ಅದು 230 ವೋಲ್ಟ್, ಒಂದೇ ಒಂದು ತಪ್ಪು ಸಾಕು. ಪ್ಲಗ್ಗಿಗೂ ಚಾರ್ಜರಿಗೂ ನಡುವೆ ಸಿಕ್ಕಿಸುವ ವಾಟ್ ಮೀಟರ್ ಸಿಗುತ್ತದೆ, ಅದು ನಿಜವಾದ ವಾಟನ್ನೂ ಪವರ್ ಫ್ಯಾಕ್ಟರನ್ನೂ ತೋರಿಸುತ್ತದೆ. ಬ್ಯಾಟರಿ ಪೂರ್ತಿ ತುಂಬಿದ ಮೇಲೆ ಅಳೆ. ಇಲ್ಲದಿದ್ದರೆ ಬ್ಯಾಟರಿಗೆ ಹೋಗುವುದೂ ಅದರಲ್ಲೇ ಸೇರಿ 40, 50 ವಾಟ್ ಕಾಣುತ್ತದೆ.

ವಾಟ್ ಮೀಟರ್ ಕೊಳ್ಳಲು ಆಗದಿದ್ದರೆ ಮನೆಯ ಕರೆಂಟ್ ಮೀಟರೇ ಇದೆ. ಅದರ ಮುಖದ ಮೇಲೆ ಒಂದು ಯೂನಿಟ್‌ಗೆ 3200 ಅಥವಾ 1600 ಇಂಪಲ್ಸ್ ಅಂತ ಬರೆದಿರುತ್ತದೆ, ಪಕ್ಕದಲ್ಲೇ ಕೆಂಪು ದೀಪ ಮಿಟುಕುತ್ತದೆ. ಒಂದು ಯೂನಿಟ್ ಅಂದರೆ 1000 ವಾಟ್ ಅವರ್, ಹಾಗಾಗಿ 3200 ಇದ್ದರೆ ಒಂದು ಮಿಟುಕಿಗೆ 0.3125 ವಾಟ್ ಅವರ್. ಫ್ರಿಜ್, ರೂಟರ್, ಟಿವಿ ಎಲ್ಲವನ್ನೂ ಪ್ಲಗ್‌ನಿಂದಲೇ ತೆಗೆದು ಲ್ಯಾಪ್‌ಟಾಪ್ ಒಂದನ್ನೇ ಬಿಟ್ಟು ಎರಡು ಮಿಟುಕಿನ ನಡುವಿನ ಸೆಕೆಂಡ್ ಎಣಿಸು. 0.3125ನ್ನು ಗಂಟೆಯ 3600 ಸೆಕೆಂಡಿನಿಂದ ಗುಣಿಸಿದರೆ 1125, ಅದನ್ನು ನೀನು ಎಣಿಸಿದ ಸೆಕೆಂಡಿನಿಂದ ಭಾಗಿಸಿದರೆ ವಾಟ್ ಬಂತು. 18 ವಾಟ್ ಇದ್ದರೆ 62 ಸೆಕೆಂಡಿಗೊಮ್ಮೆ ಮಿಟುಕುತ್ತದೆ. ಮೀಟರ್ ಕೆಳಗಿನ ಮೀಟರ್ ರೂಮಿನಲ್ಲಿದ್ದರೆ ಮೇಲೆ ಒಬ್ಬರು, ಕೆಳಗೆ ಒಬ್ಬರು ಫೋನ್ ಹಿಡಿದು ನಿಲ್ಲಬೇಕು. ಹತ್ತು ಮಿಟುಕು ಎಣಿಸಿ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮಗ ಲ್ಯಾಪ್‌ಟಾಪ್ ಆಫ್ ಮಾಡುವುದೇ ಇಲ್ಲ. ಹಗಲೂ ರಾತ್ರಿ ಆನ್. ಕರೆಂಟ್ ಬಿಲ್ ಜಾಸ್ತಿ ಬರುವುದು ಇದರಿಂದಲೇ ಇರಬಹುದೇ?
– ಗೃಹಿಣಿಯೊಬ್ಬರು, ಮಾಟುಂಗಾ

ಉತ್ತರ: ಇಲ್ಲಮ್ಮ. ಸುಮ್ನೆ ಕೂತ ಲ್ಯಾಪ್‌ಟಾಪ್ 10 ವಾಟ್ ಅಂತ ಹಿಡಿದರೂ 24 ಗಂಟೆಗೆ ಕಾಲು ಯೂನಿಟ್, ತಿಂಗಳಿಗೆ 7.2 ಯೂನಿಟ್. ಹಳೇ ನಮೂನೆಯ 75 ವಾಟಿನ ಸೀಲಿಂಗ್ ಫ್ಯಾನ್ ದಿನಕ್ಕೆ 8 ಗಂಟೆ ತಿರುಗಿದರೆ ತಿಂಗಳಿಗೆ 18 ಯೂನಿಟ್ ಆಗುತ್ತದೆ. ಬಿಲ್ಲಿಗೆ ಕಾರಣ ಎಸಿ, ಗೀಸರ್, ಹಳೇ ಫ್ರಿಜ್ ಇವುಗಳಲ್ಲಿ ಹುಡುಕಿ. ಮಗನ ಲ್ಯಾಪ್‌ಟಾಪ್ ಗೇಮಿನದ್ದಾಗಿದ್ದು ರಾತ್ರಿಯೆಲ್ಲ ಏನಾದರೂ ಓಡುತ್ತಿದ್ದರೆ ಮಾತ್ರ ಲೆಕ್ಕ ಬೇರೆ.

ಪ್ರಶ್ನೆ: ಹಳೇ ಲ್ಯಾಪ್‌ಟಾಪಿಗೆ ಕಂಪಾಟಿಬಲ್ (ಬೇರೆ ಕಂಪನಿಯ) ಬ್ಯಾಟರಿ ತಂದೆ. ಮೇಲೆ 10.8 ವೋಲ್ಟ್, 5200 ಎಂಎಎಚ್ (ಮಿಲಿ ಆಂಪಿಯರ್ ಅವರ್) ಅಂತ ಇದೆ. ಒಂದು ಗಂಟೆಗೇ ಮುಗಿಯುತ್ತದೆ. ರಿಪೋರ್ಟ್ ತೆಗೆದರೆ ಎಲ್ಲ ಸರಿಯಾಗಿ, ಆ ಎರಡನ್ನು ಗುಣಿಸಿದರೆ ಬರುವ 56,160 ಮಿಲಿವಾಟ್ ಅವರ್ ಅಂತಲೇ ತೋರಿಸುತ್ತದೆ. ಅಂಗಡಿಯವರು ನೋಡಿ ಸರ್ ಫುಲ್ ಇದೆ ಅನ್ನುತ್ತಾರೆ. ನನಗೇಕೋ ಬ್ಯಾಟರಿ ಮೇಲೇ ಅನುಮಾನ.
– ಓದುಗರೊಬ್ಬರು, ಠಾಣೆ

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ರಿಪೋರ್ಟಿನ ಅಂಕಿ ವಿಂಡೋಸ್ ಅಳೆದದ್ದಲ್ಲ. ಬ್ಯಾಟರಿಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ, ಅದು ಒಳಗೆ ಹೋದ, ಹೊರಗೆ ಬಂದ ಕರೆಂಟ್ ಎಣಿಸುತ್ತಾ ಅಂದಾಜು ಹೇಳುತ್ತದೆ. ವಿಂಡೋಸ್ ಅದನ್ನೇ ಓದಿ ಹೇಳುತ್ತದೆ. ಒಳ್ಳೆಯ ಬ್ಯಾಟರಿಯಲ್ಲೂ ಈ ಅಂದಾಜು ದಿನ ಕಳೆದಂತೆ ಜಾರುತ್ತದೆ, ಒಮ್ಮೆ ಪೂರ್ತಿ ತುಂಬಿಸಿ, ಪೂರ್ತಿ ಇಳಿಸಿ, ಮತ್ತೆ ತುಂಬಿಸಿದರೆ ಸರಿಹೋಗುತ್ತದೆ. ನಕಲಿಯಲ್ಲಿ ಚಿಪ್ಪಿಗೆ ಬರೆದಿಟ್ಟ ಅಂಕಿಯೇ ಸುಳ್ಳಾಗಿರಬಹುದು.

ಬ್ಯಾಟರಿಯನ್ನು ಕೇಳದೆ ಅಳೆಯುವ ದಾರಿ ಇದೆ. ಲ್ಯಾಪ್‌ಟಾಪ್ ಬಳಸಿ ಬ್ಯಾಟರಿಯನ್ನು ಶೇಕಡಾ 5ಕ್ಕೆ ಇಳಿಸಿ. ಪೂರ್ತಿ ಶಟ್‌ಡೌನ್ ಮಾಡಿ. ಚಾರ್ಜರನ್ನು ವಾಟ್ ಮೀಟರ್ ಮೂಲಕ ಸಿಕ್ಕಿಸಿ, ಮೀಟರಿನ ಯೂನಿಟ್ ಲೆಕ್ಕವನ್ನು ಸೊನ್ನೆ ಮಾಡಿ ಬಿಡಿ. ತುಂಬಿ ನಿಂತ ಮೇಲೆ ಗೋಡೆಯಿಂದ ಎಷ್ಟು ವಾಟ್ ಅವರ್ ಬಂತು ನೋಡಿ. ಚಾರ್ಜರಿನಲ್ಲಿ, ಲ್ಯಾಪ್‌ಟಾಪಿನ ಒಳಗೆ, ಬ್ಯಾಟರಿಯಲ್ಲಿ ಹೀಗೆ ದಾರಿಯಲ್ಲಿ ಶಾಖವಾಗಿ ಹೋಗುವುದು ಶೇಕಡಾ 15ರಿಂದ 20. ನಿಜವಾದ 56 ವಾಟ್ ಅವರ್ ಬ್ಯಾಟರಿ ಆಗಿದ್ದರೆ 63ರಿಂದ 67 ವಾಟ್ ಅವರ್ ಎಳೆಯಲೇಬೇಕು. ಮೂವತ್ತಕ್ಕೇ ನಿಂತುಹೋದರೆ ಒಳಗೆ ಹಿಡಿಯುವುದು 26ರ ಆಸುಪಾಸು ಅಂತ ಆಯಿತು. ಅದರ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ.

ತೂಕವೂ ಮಾತಾಡುತ್ತದೆ. 10.8 ವೋಲ್ಟ್, 5200 ಎಂಎಎಚ್ ಅಂದರೆ ಒಳಗೆ 2600 ಎಂಎಎಚ್‌ನ ಆರು ದುಂಡು ಸೆಲ್ ಇರಬೇಕು. ಒಂದೊಂದು ಸುಮಾರು 45 ಗ್ರಾಂ. ಡಬ್ಬಿ ಸೇರಿ 300 ಗ್ರಾಂ ಸುತ್ತಮುತ್ತ ತೂಗಬೇಕು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿ, 180 ಗ್ರಾಂ ಬಂದರೆ ಸೆಲ್ ಆರಿಲ್ಲ. ಮುಂದಿನ ಸಲ ಬಿಲ್ ಇಲ್ಲದೆ ಬ್ಯಾಟರಿ ತರಬೇಡಿ.

ಪ್ರಶ್ನೆ: ಸರ, ವಾಸ್ಕೋದಲ್ಲಿ ಮಳೆಗಾಲ ಬಂತು ಅಂದರೆ ಕರೆಂಟ್ ಹೋಗುವುದು ಬರುವುದು ನಡೆದೇ ಇರುತ್ತದೆ. ಲ್ಯಾಪ್‌ಟಾಪಿಗೆ ಅಂತ 20,000 ಎಂಎಎಚ್ ಪವರ್ ಬ್ಯಾಂಕ್ ತಂದೆ. ಲ್ಯಾಪ್‌ಟಾಪ್ ಬ್ಯಾಟರಿ 3600 ಎಂಎಎಚ್, 11.4 ವೋಲ್ಟ್. ಐದು ಸಲ ತುಂಬಬೇಕಿತ್ತು, ಒಂದು ಸಲಕ್ಕೇ ಪವರ್ ಬ್ಯಾಂಕ್ ಮುಗಿಯುತ್ತಾ ಬಂತು. ಮೋಸವೇ?
– ಓದುಗರೊಬ್ಬರು, ವಾಸ್ಕೋ

ಉತ್ತರ: ಮೋಸವಲ್ಲ, ಎಂಎಎಚ್ ಅನ್ನುವ ಅಳತೆಯ ತೊಂದರೆ. ವೋಲ್ಟೇಜ್ ಬೇರೆ ಬೇರೆ ಇರುವಾಗ ಎರಡು ಬ್ಯಾಟರಿಗಳ ಎಂಎಎಚ್ ಹೋಲಿಸಲಿಕ್ಕೆ ಬರುವುದಿಲ್ಲ. ಪವರ್ ಬ್ಯಾಂಕಿನ 20,000 ಅನ್ನುವುದು ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕದಲ್ಲಿ. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವಾಟ್ ಅವರ್. ನಿಮ್ಮ ಲ್ಯಾಪ್‌ಟಾಪಿನದ್ದು 41. ಪವರ್ ಬ್ಯಾಂಕ್ ವೋಲ್ಟೇಜ್ ಏರಿಸುವಾಗ ಸ್ವಲ್ಪ ಹೋಗುತ್ತದೆ, ಲ್ಯಾಪ್‌ಟಾಪ್ ತುಂಬಿಸಿಕೊಳ್ಳುವಾಗ ಇನ್ನಷ್ಟು, ಕೊನೆಗೆ ಕೈಗೆ ಸಿಗುವುದು 55ರಿಂದ 60 ವಾಟ್ ಅವರ್. ಒಂದು ಸಲ ತುಂಬಿ ಸ್ವಲ್ಪ ಉಳಿಯುವುದು ಸರಿಯಾದ ಲೆಕ್ಕವೇ.

ಕರೆಂಟ್ ಹೋದಾಗ ಜಾಸ್ತಿ ಹೊತ್ತು ಬರಬೇಕಾದರೆ ಎಳೆತ ಕಡಿಮೆ ಮಾಡುವುದೇ ದಾರಿ. ಸ್ಕ್ರೀನ್ ಬೆಳಕು ಇಳಿಸಿದರೆ ಒಂದೆರಡು ವಾಟ್ ತಕ್ಷಣ ಉಳಿಯುತ್ತದೆ. 8 ವಾಟಿನಲ್ಲಿ ಓಡುವ ಲ್ಯಾಪ್‌ಟಾಪಿಗೆ ಅದು ದೊಡ್ಡ ಉಳಿತಾಯ. ಊರಿಗೆ ವಿಮಾನದಲ್ಲಿ ಹೋಗುವವರಿಗೂ ಈ ಲೆಕ್ಕ ಬೇಕಾಗುತ್ತದೆ: 100 ವಾಟ್ ಅವರ್ ಒಳಗಿನ ಪವರ್ ಬ್ಯಾಂಕಿಗೆ ಪ್ರತ್ಯೇಕ ಅನುಮತಿ ಬೇಕಿಲ್ಲ, ಆದರೆ ಅದು ಕೈಚೀಲದಲ್ಲೇ ಇರಬೇಕು, ಚೆಕ್ ಇನ್ ಲಗೇಜಿಗೆ ಹಾಕುವಂತಿಲ್ಲ. ನಿಮ್ಮದು 74, ಚಿಂತೆಯಿಲ್ಲ.

ಪ್ರಶ್ನೆ: ಬ್ಯಾಟರಿ ಕೆಪ್ಯಾಸಿಟಿ ಶೇಕಡಾ 48 ತೋರಿಸುತ್ತಿದೆ. ಟಚ್‌ಪ್ಯಾಡ್ ಸ್ವಲ್ಪ ಮೇಲೆ ಎದ್ದಿದೆ, ಕ್ಲಿಕ್ ಆಗುವುದಿಲ್ಲ. ಪೂರ್ತಿ ಇಳಿಸಿ ಮತ್ತೆ ತುಂಬಿಸಿದರೆ ಸರಿಹೋಗಬಹುದೇ?
– ಓದುಗರೊಬ್ಬರು, ಪನವೇಲ್

ಉತ್ತರ: ದಯವಿಟ್ಟು ಏನೂ ಅಳೆಯಬೇಡಿ, ಚಾರ್ಜೂ ಮಾಡಬೇಡಿ. ಟಚ್‌ಪ್ಯಾಡ್ ಎದ್ದಿದ್ದರೆ ಅದರ ಕೆಳಗೆ ಬ್ಯಾಟರಿ ಉಬ್ಬಿರುವ ಸಾಧ್ಯತೆಯೇ ಹೆಚ್ಚು. ಸೆಲ್ಲಿನ ಒಳಗೆ ಗ್ಯಾಸ್ ತುಂಬಿಕೊಂಡಿರುತ್ತದೆ. ಚುಚ್ಚಿದರೆ, ಒತ್ತಿದರೆ, ಬಿಸಿಯಾದರೆ ಬೆಂಕಿ ಹಿಡಿಯಬಹುದು. ಈಗಲೇ ಶಟ್‌ಡೌನ್ ಮಾಡಿ, ಹಾಸಿಗೆ ಪರದೆಗಳಿಂದ ದೂರ, ನೆಲದ ಮೇಲೆ ಇಡಿ. ಹತ್ತಿರದ ರಿಪೇರಿಯವರಿಂದಲೇ ಬ್ಯಾಟರಿ ತೆಗೆಸಿ, ತುಂಬಿ ತುಳುಕುವ ಲೋಕಲ್ ರೈಲಿನಲ್ಲಿ ಬ್ಯಾಗಿಗೆ ಹಾಕಿಕೊಂಡು ಹೋಗಬೇಡಿ. ತೆಗೆದ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕಬಾರದು, ಇ-ವೇಸ್ಟ್ ತೆಗೆದುಕೊಳ್ಳುವವರಿಗೇ ಕೊಡಿ. ಹೊಸ ಬ್ಯಾಟರಿ ಬರುವವರೆಗೆ ಚಾರ್ಜರ್ ಮೇಲೆಯೇ ಲ್ಯಾಪ್‌ಟಾಪ್ ನಡೆಯುತ್ತದೆಯೇ ಅಂತ ರಿಪೇರಿಯವರನ್ನು ಕೇಳಿ, ಬಹಳಷ್ಟು ನಡೆಯುತ್ತವೆ. ಹೊಸದು ಹಾಕಿಸಿದ ದಿನವೇ ಒಂದು ಬ್ಯಾಟರಿ ರಿಪೋರ್ಟ್ ತೆಗೆದು, ಒಂದು ಗಂಟೆಯ ಎಳೆತ ಅಳೆದು, ಎರಡನ್ನೂ ತಾರೀಖು ಹಾಕಿ ಬಿಲ್ಲಿನ ಹಿಂದೆ ಬರೆದಿಡಿ.